ಬರಿಗಾಲಲ್ಲಿ ಇಳಿಯುವವರು ಯಾರು?



ಕುಡಿಯುವ ನೀರಿನ ತೊಟ್ಟಿ, ಅದರ ಪಕ್ಕದಲ್ಲಿ ಒಂದು ಸ್ಟೀಲ್ ಲೋಟ, ಆ ಲೋಟಕ್ಕೆ ಒಂದು ಸರಪಣಿ. ಇದನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಕ್ಷೇತ್ರಗಳಲ್ಲೂ ಉಂಟು, ಬಸ್ ಸ್ಟ್ಯಾಂಡಿನಲ್ಲೂ ಉಂಟು, ತಾಲ್ಲೂಕು ಕಚೇರಿಯಲ್ಲೂ ಉಂಟು. ಬ್ಯಾಂಕಿಗೆ ಹೋದರೆ ಪೆನ್ನಿಗೆ ದಾರ. ಛತ್ರಕ್ಕೆ ಹೋದರೆ ಬಕೆಟ್ಟಿನ ಮೇಲೆ ಪೇಂಟಿನಲ್ಲಿ ದಪ್ಪಕ್ಷರ. ದಿನಾ ನೋಡಿ ನೋಡಿ ಇದೆಲ್ಲ ನಮಗೆ ಸಹಜವಾಗಿ ಹೋಗಿದೆ. ಲೋಟ ಅಂದಮೇಲೆ ಸರಪಣಿ ಇರಲೇಬೇಕು ಅಂತ ನಮ್ಮ ಮಕ್ಕಳು ತಿಳಿದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಬಾಯಾರಿದವರಿಗೆ ನೀರು ಕೊಡುವುದು ದೊಡ್ಡ ಪುಣ್ಯವೆಂದು ದಾರಿಯುದ್ದಕ್ಕೂ ಅರವಟ್ಟಿಗೆ ಇಟ್ಟವರು ನಮ್ಮ ಹಿರಿಯರು. ಮಡಕೆಯ ಮೇಲೆ ಲೋಟ ಸುಮ್ಮನೆ ಬೋರಲು ಹಾಕಿರುತ್ತಿತ್ತು. ಹೋಗುವವರು ಕುಡಿದು, ತೊಳೆದು, ಮತ್ತೆ ಬೋರಲು ಹಾಕಿ ಹೋಗುತ್ತಿದ್ದರು. ಇಂದು ಅದೇ ಲೋಟಕ್ಕೆ ಸರಪಣಿ ಬಂದಿದೆ. ಲೋಟದ ಬೆಲೆ ಹೆಚ್ಚೆಂದರೆ ಐವತ್ತು ರೂಪಾಯಿ. ಯಾರೋ ಒಬ್ಬರು ಚೀಲಕ್ಕೆ ಹಾಕಿಕೊಂಡು ಹೋದರು ಎನ್ನೋಣ. ಐವತ್ತು ರೂಪಾಯಿ ನಷ್ಟ, ಅಷ್ಟೇ ತಾನೇ? ಅಲ್ಲ. ಆಮೇಲೆ ಬರುವ ಸಾವಿರ ಜನ ಸರಪಣಿ ಎಷ್ಟು ಉದ್ದವಿದೆಯೋ ಅಷ್ಟು ದೂರದಲ್ಲೇ ನಿಂತು ಬಗ್ಗಿ ನೀರು ಕುಡಿಯಬೇಕು. ಮಂಡಿನೋವಿನ ಮುದುಕಿ ಕಟ್ಟೆಯ ಮೇಲೆ ಕೂತಿದ್ದರೆ ಮೊಮ್ಮಗ ಒಂದು ಲೋಟ ನೀರು ತಂದುಕೊಡುವ ಹಾಗಿಲ್ಲ. ಕದ್ದವನು ಒಬ್ಬ, ಸರಪಣಿ ಎಲ್ಲರಿಗೂ.

ಆದ್ದರಿಂದ ಸಣ್ಣ ಕಳ್ಳತನ ಎಂಬುದು ನಿಜವಾಗಿಯೂ ಸಣ್ಣದೇ ಎಂಬ ಪ್ರಶ್ನೆಯನ್ನು ಈ ಪುಟಗಳಲ್ಲಿ ತಮ್ಮೊಂದಿಗೆ ಸೇರಿ ವಿಚಾರ ಮಾಡೋಣ ಎಂದು ಬರೆಯುತ್ತಿದ್ದೇನೆ. ನಾನು ರಶೀದಿ ಪುಸ್ತಕ, ಲೆಕ್ಕದ ಪುಸ್ತಕದ ನಡುವೆ ದಿನ ಕಳೆಯುವವನು, ಪಂಡಿತನಲ್ಲ. ತಿಳಿದವರು ತಿದ್ದಿ ಓದಿಕೊಳ್ಳಬೇಕು.

ಎಲ್ಲರದ್ದು ಅಂದರೆ ಯಾರದ್ದು?

ಮನೆಯಲ್ಲಿ ಪಕ್ಕದವರ ಚಮಚ ಬಂದು ಸೇರಿಕೊಂಡರೆ ಹುಡುಕಿ ಹೋಗಿ ಕೊಟ್ಟು ಬರುವ ಜನ ನಾವು. ಅದೇ ಜನ ರೈಲಿನಲ್ಲಿ ಕೂತಾಗ ಬೇರೆಯಾಗುತ್ತೇವೆ. 2017-18ನೇ ಸಾಲಿನಲ್ಲಿ ಪಶ್ಚಿಮ ರೈಲ್ವೆಯೊಂದರಲ್ಲೇ ದೂರದ ಗಾಡಿಗಳ ಹವಾನಿಯಂತ್ರಿತ ಬೋಗಿಗಳಿಂದ ಕಾಣೆಯಾದದ್ದು ಸುಮಾರು 1.95 ಲಕ್ಷ ಟವೆಲ್ಲು, 81,736 ಬೆಡ್‌ಶೀಟು, 55,573 ದಿಂಬಿನ ಕವರು, 5,038 ದಿಂಬು, 7,043 ಕಂಬಳಿ. ಅಷ್ಟು ಟಿಕೆಟ್ ದುಡ್ಡು ಕೊಟ್ಟು ಹೋಗುವವರು ಹೊದೆಯಲು ಬಟ್ಟೆಯಿಲ್ಲದೆ ಇದನ್ನು ಒಯ್ದರೇ? ಖಂಡಿತ ಇಲ್ಲ. ಅದೇ ವರ್ಷ, ಅಂದರೆ ಮೇ 2017ರಲ್ಲಿ, ಮುಂಬೈ-ಗೋವಾ ನಡುವೆ ತೇಜಸ್ ಎಂಬ ಹೊಸ ಗಾಡಿ ಬಿಟ್ಟರು. ಮೊದಲ ಪ್ರಯಾಣ ಮುಗಿಯುವಷ್ಟರಲ್ಲೇ ಕೆಲವು ಹೆಡ್‌ಫೋನ್ ಮಾಯವಾಗಿದ್ದವು, ಸೀಟಿನ ಮುಂದಿನ ಟಿ.ವಿ. ಪರದೆಗಳಿಗೆ ಗೀರು ಬಿದ್ದಿತ್ತು ಎಂದು ಪತ್ರಿಕೆಗಳಲ್ಲಿ ಬಂತು.

ಒಯ್ದವರನ್ನು ಕೇಳಿದರೆ ಹೇಳುವ ಮಾತು ಒಂದೇ: "ಟಿಕೆಟ್ಟಿಗೆ ದುಡ್ಡು ಕೊಟ್ಟಿಲ್ವಾ ಸಾರ್? ಸರ್ಕಾರದ್ದು ಬಿಡಿ, ಯಾರಪ್ಪನದ್ದು?" ಇಲ್ಲೇ ತಪ್ಪುವುದು. ಟಿಕೆಟ್ಟಿಗೆ ಕೊಟ್ಟ ದುಡ್ಡು ಒಂದು ರಾತ್ರಿ ಹೊದೆಯುವುದಕ್ಕೆ, ಮನೆಗೆ ಒಯ್ಯುವುದಕ್ಕಲ್ಲ. ಯೋಗಸೂತ್ರದಲ್ಲಿ ಪತಂಜಲಿಗಳು ಹೇಳಿದ ಐದು ಯಮಗಳಲ್ಲಿ ಮೂರನೆಯದು ಅಸ್ತೇಯ. ಜೈನ ಗೃಹಸ್ಥರ ಐದು ಅಣುವ್ರತಗಳಲ್ಲೂ ಮೂರನೆಯದು ಇದೇ. ಬೌದ್ಧರ ಪಂಚಶೀಲದಲ್ಲಿ ಎರಡನೆಯದು. ಬೌದ್ಧರೂ ಜೈನರೂ ಇದಕ್ಕೆ ಹೇಳುವ ಅರ್ಥ ಗಮನಿಸಬೇಕು: ಕೊಡದೆ ಇದ್ದದ್ದನ್ನು ತೆಗೆದುಕೊಳ್ಳದಿರುವುದು. ಬೀಗ ಒಡೆಯುವುದೊಂದೇ ಕಳ್ಳತನವಲ್ಲ. ಕುಡಿಯಲು ಕೊಟ್ಟ ಲೋಟವನ್ನು ಚೀಲಕ್ಕೆ ಹಾಕುವುದೂ ಅದೇ. ಜೈನರ ತತ್ತ್ವಾರ್ಥಸೂತ್ರವಂತೂ ಕಳವಿನ ಮಾಲು ಕೊಳ್ಳುವುದನ್ನೂ, ತೂಕ-ಅಳತೆಯಲ್ಲಿ ಮೋಸ ಮಾಡುವುದನ್ನೂ ಈ ವ್ರತದ ದೋಷಗಳಲ್ಲೇ ಸೇರಿಸಿದೆ. ಸಂತೆಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಎಲ್ಲಿಂದ ಬಂತೆಂದು ಕೇಳದೆ ಮೊಬೈಲು ಕೊಳ್ಳುವವರು ಇದನ್ನು ನೆನಪಿಡಬೇಕು.

"ಎಲ್ಲರದ್ದು" ಎಂಬ ಮಾತು ನಮ್ಮ ಕಿವಿಗೆ ಬೀಳುವಾಗ "ಯಾರದ್ದೂ ಅಲ್ಲ" ಎಂದಾಗಿಬಿಡುತ್ತದೆ. ಒಡೆದು ಹಾಳು ಮಾಡುವುದಕ್ಕೂ ಮೂಲ ಇದೇ. ಫೆಬ್ರವರಿ 2019ರಲ್ಲಿ ಹಂಪಿಯ ವಿಷ್ಣು ದೇವಾಲಯದ ಆವರಣದಲ್ಲಿ ಕೆಲವು ಯುವಕರು ಕಲ್ಲಿನ ಕಂಬವನ್ನು ತಳ್ಳಿ ಬೀಳಿಸುವ ವಿಡಿಯೋವನ್ನು ನಾಡಿಗೆ ನಾಡೇ ನೋಡಿತು. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ ಅದು. ನಾಲ್ವರನ್ನು ಹಿಡಿದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಬೀಳಿಸಿದ ಕಂಬಗಳನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸುವ ಕೆಲಸ ಮಾಡಿಸಿತು. ಬೀಳಿಸುವುದಕ್ಕೆ ಕ್ಷಣ ಸಾಕು, ನಿಲ್ಲಿಸುವುದಕ್ಕೆ ಎಷ್ಟು ಜನ, ಎಷ್ಟು ಹೊತ್ತು ಬೇಕು ಎಂಬುದು ಅವರಿಗೆ ಅಂದು ತಿಳಿದಿರಬೇಕು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ಗಾದೆಯೇ ಉಂಟಲ್ಲ.

ಕಂಬ ಬೀಳಿಸಿದ್ದನ್ನು ನೋಡಿ ನಾವೆಲ್ಲ ಬೈದೆವು, ಸರಿ. ಆದರೆ ಬೆಟ್ಟದ ಬಂಡೆಯ ಮೇಲೆ ಪೇಂಟಿನಲ್ಲಿ ಹೆಸರು ಬರೆಯುವವರು, ಮಂಟಪದ ಕಂಬಕ್ಕೆ ಮೊಳೆಯಿಂದ ಹೃದಯದ ಚಿತ್ರ ಕೆತ್ತುವವರು ಬೇರೆ ಲೋಕದಿಂದ ಬಂದವರಲ್ಲ, ನಮ್ಮ ಮನೆಯ ಮಕ್ಕಳೇ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಉಂಟು. ಸಾರ್ವಜನಿಕ ಆಸ್ತಿಯನ್ನು ಕಾಪಾಡುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರಲ್ಲೇ ಸಂವಿಧಾನದಲ್ಲಿ ಸೇರಿಸಿದ್ದಾರೆ. ಕಾನೂನಿಗೇನೂ ಕೊರತೆಯಿಲ್ಲ.

ಚಪ್ಪಲಿಯ ಲೆಕ್ಕ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇಲ್ಲಿಯವರೆಗೆ ಹೇಳಿದ್ದು ಕದಿಯುವವರ ಮಾತಾಯಿತು. "ನಾವು ಕದಿಯುವವರಲ್ಲ ಸ್ವಾಮಿ" ಎಂದು ತಾವು ಹೇಳಬಹುದು. ನಿಜ, ಯಾತ್ರೆಗೆ ಬರುವವರಲ್ಲಿ ಬಹುಪಾಲು ಜನ ಒಳ್ಳೆಯವರೇ. ಆದರೆ ಒಳ್ಳೆಯವರನ್ನೇ ಕೆಡಿಸುವ ಒಂದು ಲೆಕ್ಕ ಉಂಟು. ಅದು ಎಲ್ಲ ದೇವಸ್ಥಾನದ ಬಾಗಿಲಲ್ಲೂ ನಡೆಯುವಂಥದ್ದು.

ಹತ್ತು ಜನ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ದರ್ಶನಕ್ಕೆ ಹೋದರು ಎನ್ನೋಣ. ಒಬ್ಬ ಕಳ್ಳ ಬಂದು ಮೊದಲನೆಯವರ ಚಪ್ಪಲಿ ಹಾಕಿಕೊಂಡು ಹೋದ. ಮೊದಲನೆಯವರು ದರ್ಶನ ಮುಗಿಸಿ ಬಂದು ನೋಡಿದರೆ ಚಪ್ಪಲಿ ಇಲ್ಲ. ಬಿಸಿಲಿಗೆ ಕಲ್ಲು ಕಾದಿದೆ, ಬಸ್ಸಿಗೆ ಹೊತ್ತಾಗಿದೆ. ಅತ್ತಿತ್ತ ನೋಡಿ, ತಮ್ಮ ಅಳತೆಗೆ ಸರಿಯಾದ ಎರಡನೆಯವರ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎರಡನೆಯವರು ಮೂರನೆಯವರದ್ದು, ಮೂರನೆಯವರು ನಾಲ್ಕನೆಯವರದ್ದು. ಹೀಗೆ ಒಂಬತ್ತನೆಯವರು ಹತ್ತನೆಯವರದ್ದು ಹಾಕಿಕೊಂಡು ಹೋದರು. ಹತ್ತನೆಯವರು ಬಂದಾಗ ಅಲ್ಲಿ ಏನೂ ಇರಲಿಲ್ಲ. ಬರಿಗಾಲಲ್ಲಿ ಇಳಿದರು.

ಈಗ ಲೆಕ್ಕ ಹಾಕಿ. ಕಳೆದುಹೋದದ್ದು ಎಷ್ಟು? ಒಂದೇ ಜೊತೆ ಚಪ್ಪಲಿ. ಕದ್ದವರು ಎಷ್ಟು ಜನ? ಹತ್ತು ಜನ. ಅವರಲ್ಲಿ ಬೆಳಿಗ್ಗೆ ಕಳ್ಳನಾಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಜನ ಹಣ್ಣುಕಾಯಿ ಮಾಡಿಸಲು ಬಂದವರು. ಅವರನ್ನು ಯಾರಾದರೂ ಕಳ್ಳರು ಅಂದರೆ ಜಗಳಕ್ಕೇ ಬಂದಾರು. "ನನ್ನದು ಹೋಗಿದೆ, ಅದಕ್ಕೆ ತಗೊಂಡೆ. ನಾನೇನು ಕದ್ದೆನಾ?" ಎನ್ನುತ್ತಾರೆ. ಆದರೆ ಎರಡನೆಯವರು ಮೊದಲನೆಯವರಿಗೆ ಏನು ಅನ್ಯಾಯ ಮಾಡಿದ್ದರು? ಹೊಡೆದವನನ್ನು ಬಿಟ್ಟು ದಾರಿಯಲ್ಲಿ ಹೋಗುವವನಿಗೆ ಹೊಡೆದ ಹಾಗಾಯಿತು.

ಇದು ಬರೀ ಚಪ್ಪಲಿಯ ಮಾತಲ್ಲ. ನಮ್ಮ ವ್ಯವಹಾರದಲ್ಲಿ ಅರ್ಧಕ್ಕರ್ಧ ಹೀಗೇ ನಡೆಯುತ್ತದೆ. ಯಾರೋ ನಮಗೆ ಖೋಟಾ ನೋಟು ದಾಟಿಸಿದರು. ಅದು ಖೋಟಾ ಎಂದು ಗೊತ್ತಾದ ಮೇಲೂ ನಾವು ಕತ್ತಲಾದ ಮೇಲೆ ಇನ್ನೊಬ್ಬರಿಗೆ ದಾಟಿಸುತ್ತೇವೆ. ಹಾಗೆ ಕೈ ಬದಲಾಯಿಸುತ್ತಾ ಹೋಗಿ ಅದು ನಿಲ್ಲುವುದು ಎಲ್ಲಿ? ಕಣ್ಣು ಮಂಜಾದ ಹೂವಿನ ಅಜ್ಜಿಯ ಬುಟ್ಟಿಯಲ್ಲಿ. ಇಲ್ಲದಿದ್ದರೆ ಹುಂಡಿಯಲ್ಲಿ. 2016ರಲ್ಲಿ ನೋಟು ರದ್ದಾದ ಮೇಲೆ ಎಲ್ಲೂ ನಡೆಯದ ಹಳೆಯ ನೋಟುಗಳು ಎಷ್ಟೋ ದೇವಸ್ಥಾನಗಳ ಹುಂಡಿಗೆ ಬಂದು ಬಿದ್ದವು. ನಮಗೆ ಬೇಡವಾದದ್ದು ದೇವರಿಗೆ ಸಾಕು ಎಂದಾಯಿತು! ಕಂಟ್ರಾಕ್ಟರು "ನಾನು ಲಂಚ ಕೊಟ್ಟಿದ್ದೇನೆ" ಎಂದು ಸಿಮೆಂಟು ಕಡಿಮೆ ಹಾಕುತ್ತಾನೆ. ಅಂಗಡಿಯವನು "ಮಂಡಿಯಲ್ಲಿ ನನಗೆ ಮೋಸವಾಗಿದೆ" ಎಂದು ತೂಕದಲ್ಲಿ ಹಿಡಿಯುತ್ತಾನೆ. ಗಿರಾಕಿ "ಇವನು ಹೇಗಿದ್ದರೂ ಕಳ್ಳ" ಎಂದು ಹೆಚ್ಚಿಗೆ ಬಂದ ಚಿಲ್ಲರೆ ವಾಪಸು ಕೊಡುವುದಿಲ್ಲ. ಪ್ರತಿಯೊಬ್ಬನ ಹತ್ತಿರವೂ ಒಂದು ಕಾರಣ ಇದೆ, ಆ ಕಾರಣ ಸುಳ್ಳೂ ಅಲ್ಲ. ಪ್ರತಿಯೊಬ್ಬನ ಚಪ್ಪಲಿಯೂ ಎಲ್ಲೋ ಹೋಗಿದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಸಮಾಜದಲ್ಲಿ ನಂಬಿಕೆ ಕೆಡುವುದು ಆ ಮೊದಲ ಕಳ್ಳನಿಂದಲ್ಲ. ಅಂಥವನು ಎಲ್ಲ ಕಾಲದಲ್ಲೂ ಇದ್ದ, ಮುಂದೆಯೂ ಇರುತ್ತಾನೆ. ಕೆಡುವುದು ಮೋಸ ಹೋದ ಒಳ್ಳೆಯವರು ಆ ಮೋಸವನ್ನು ಮುಂದಿನವರಿಗೆ ದಾಟಿಸುವುದರಿಂದ.

ನಮ್ಮ ಹಳ್ಳಿಗಳಲ್ಲಿ ಒಂದು ಮಾತುಂಟು. ದೇವಸ್ಥಾನದಲ್ಲಿ ಚಪ್ಪಲಿ ಕಳೆದರೆ "ಒಳ್ಳೇದಾಯ್ತು ಬಿಡು, ಹಿಡಿದ ಶನಿ ಬಿಟ್ಟುಹೋಯ್ತು" ಅನ್ನುತ್ತಾರೆ. ಇದನ್ನು ಮೂಢನಂಬಿಕೆ ಎಂದು ನಗುವವರು ನಗಲಿ. ಹಿರಿಯರು ಎಷ್ಟು ಯೋಚನೆ ಮಾಡಿ ಈ ಮಾತು ಇಟ್ಟಿದ್ದಾರೆ ನೋಡಿ. ಕಳೆದುಕೊಂಡವನು ಸಿಟ್ಟಿನಲ್ಲಿ ಇನ್ನೊಬ್ಬನದಕ್ಕೆ ಕೈ ಹಾಕದೆ, ಸಮಾಧಾನದಿಂದ ಬರಿಗಾಲಲ್ಲಿ ಇಳಿಯಲಿ ಎಂದು. ಶನಿ ಬಿಟ್ಟಿತು ಅಂದುಕೊಂಡವನು ಇನ್ನೊಬ್ಬರ ಶನಿಯನ್ನು ಕಾಲಿಗೆ ಹಾಕಿಕೊಂಡು ಹೋಗುತ್ತಾನೆಯೇ? ಅಲ್ಲಿಗೆ ಆ ಸರಣಿ ಕಡಿಯಿತು.

ಇದು ನ್ಯಾಯವೇ?

"ತಪ್ಪು ಮಾಡಿದವನು ಆರಾಮವಾಗಿ ಹೋದ, ತಪ್ಪು ಮಾಡದವನು ಕಾಲು ಸುಟ್ಟುಕೊಂಡ. ಇದ್ಯಾವ ನ್ಯಾಯ ಸ್ವಾಮಿ?" ಎಂದು ತಾವು ಕೇಳಬೇಕು, ಕೇಳಲೇಬೇಕು. ನ್ಯಾಯವಲ್ಲ. ಸಹಿಸಿಕೊಳ್ಳಿ, ಪುಣ್ಯ ಬರುತ್ತದೆ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಹಾಗೆ ಹೇಳುವವರ ಕಾಲಲ್ಲಿ ಸಾಮಾನ್ಯವಾಗಿ ಚಪ್ಪಲಿ ಇರುತ್ತದೆ!

ಆದ್ದರಿಂದ ಇನ್ನೊಂದು ಅರ್ಧ ಮಾತನ್ನೂ ಸೇರಿಸಬೇಕು. ಬರಿಗಾಲಲ್ಲಿ ಇಳಿಯುವವನು ಒಂಟಿಯಾಗಿ ಇಳಿಯಬಾರದು. ಸುತ್ತಲಿನವರು ಒಂದು ಜೊತೆ ಹವಾಯಿ ಚಪ್ಪಲಿ ಹೊಂದಿಸಿಕೊಡಲಿ, ನೆರಳಿರುವ ದಾರಿ ತೋರಿಸಲಿ, ವ್ಯಾನಿನಲ್ಲಿ ಜಾಗ ಕೊಡಲಿ. ಒಬ್ಬನ ನಷ್ಟವನ್ನು ನಾಲ್ಕು ಜನ ಹಂಚಿಕೊಂಡರೆ ಅದು ನಷ್ಟವಾಗಿ ಉಳಿಯುವುದಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ನಾಡಿನಲ್ಲೇ ಉಂಟು. ಜುಲೈ 2019ರಲ್ಲಿ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನದಲ್ಲಿ ಶ್ರೀ ವ್ಯಾಸರಾಜರ ವೃಂದಾವನವನ್ನು ದುಷ್ಕರ್ಮಿಗಳು ರಾತ್ರೋರಾತ್ರಿ ಕೆಡವಿದರು. ನಿಧಿಯ ಆಸೆಗೆ ಮಾಡಿದ ಕೆಲಸ ಅದು. ಸುದ್ದಿ ತಿಳಿದ ಭಕ್ತರು ಧಾವಿಸಿ ಬಂದರು. ಮಠಾಧೀಶರು ಬಂದರು. ಚದುರಿ ಬಿದ್ದ ಕಲ್ಲುಗಳನ್ನು ಹೊತ್ತು ತಂದು, ಒಂದೆರಡು ದಿನದೊಳಗೆ ವೃಂದಾವನವನ್ನು ಮತ್ತೆ ನಿಲ್ಲಿಸಿದರು. ಕೆಡವಿದ್ದು ಅವರಲ್ಲ. "ಕೆಡವಿದವನು ಬಂದು ಕಟ್ಟಲಿ, ಅಲ್ಲಿಯವರೆಗೆ ಹಾಗೇ ಇರಲಿ" ಎಂದು ಅವರು ಕೂರಲಿಲ್ಲ. ಕಳ್ಳರನ್ನು ಹಿಡಿಯುವುದು ಪೊಲೀಸರ ಕೆಲಸ, ಅದು ಅದರ ಪಾಡಿಗೆ ನಡೆಯಿತು. ಕಟ್ಟುವುದು ನಂಬಿದವರ ಕೆಲಸ, ಅದು ತಡವಾಗಲಿಲ್ಲ.

ಅನುಮಾನದ ಖರ್ಚು

ಕಳ್ಳತನ ಹೆಚ್ಚಿದಾಗ ಅನುಮಾನವೂ ಹೆಚ್ಚುತ್ತದೆ. ಅನುಮಾನ ಮೊದಲು ಬೀಳುವುದು ಯಾರ ಮೇಲೆ? ಹರಿದ ಅಂಗಿಯವನ ಮೇಲೆ. ಪರ್ಸು ಕಾಣದಿದ್ದರೆ ಮೆಟ್ಟಿಲು ಗುಡಿಸುವ ಹೆಂಗಸಿನ ಕಡೆಗೆ, ಬಲೂನು ಮಾರುವ ಹುಡುಗನ ಕಡೆಗೆ ಕಣ್ಣು ಹೋಗುತ್ತದೆ. ಎಷ್ಟೋ ಸಲ ಆ ಪರ್ಸು ಕಾರಿನ ಸೀಟಿನ ಕೆಳಗೇ ಇರುತ್ತದೆ. ಪರ್ಸು ಸಿಕ್ಕಿತೆಂದು ಇವರು ಸಂತೋಷವಾಗಿ ಊರಿಗೆ ಹೋಗುತ್ತಾರೆ. ಆ ಹುಡುಗನ ಚೀಲವನ್ನು ಎಲ್ಲರ ಎದುರು ಸುರಿಸಿ ನೋಡಿದ್ದು ಮಾತ್ರ ಅವನ ಮನಸ್ಸಿನಿಂದ ಹೋಗುವುದಿಲ್ಲ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬುದನ್ನು ನಾವು ಕದ್ದವನಿಗೆ ಹೇಳುತ್ತೇವೆ. ಸುಮ್ಮನೆ ಅನುಮಾನಿಸಿ ಇನ್ನೊಬ್ಬರ ಮಾನ ತೆಗೆಯುವವರಿಗೂ ಅದೇ ಗಾದೆ. ಅದೂ ಒಂದು ಕಳ್ಳತನವೇ, ಅದಕ್ಕೆ ಪೊಲೀಸು ಕಂಪ್ಲೇಂಟು ಇಲ್ಲ.

ಜನ ನಾವು ಅಂದುಕೊಂಡಷ್ಟು ಕೆಟ್ಟಿಲ್ಲ ಎಂಬುದಕ್ಕೂ ಆಧಾರ ಉಂಟು. 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ವಿಚಾರ. ವಿದ್ವಾಂಸರು ನಮ್ಮ ಭಾರತವೂ ಸೇರಿ 40 ದೇಶಗಳ 355 ಊರುಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ಬ್ಯಾಂಕು, ಹೋಟೆಲು, ಅಂಚೆ ಕಚೇರಿ ಮುಂತಾದ ಕಡೆಯ ಸಿಬ್ಬಂದಿಯ ಕೈಗೆ ಕೊಟ್ಟು, "ದಾರಿಯಲ್ಲಿ ಸಿಕ್ಕಿತು, ನೋಡಿಕೊಳ್ಳಿ" ಎಂದು ಹೇಳಿ ಹೋದರು. ಒಳಗೆ ವಾರಸುದಾರರ ವಿಳಾಸ ಇತ್ತು. ಕೆಲವದರಲ್ಲಿ ದುಡ್ಡು ಇತ್ತು, ಕೆಲವದರಲ್ಲಿ ಇರಲಿಲ್ಲ. ದುಡ್ಡಿರುವ ಪರ್ಸೇ ಹೆಚ್ಚಾಗಿ ವಾಪಸು ಬರುತ್ತದೆ ಎಂದು ಬಲ್ಲವರೂ ಊಹಿಸಿರಲಿಲ್ಲ. ಆದದ್ದು ಬೇರೆ. ದುಡ್ಡಿಲ್ಲದ ಪರ್ಸಿನ ವಾರಸುದಾರರಿಗೆ ಸುದ್ದಿ ಕೊಟ್ಟವರು ಶೇ. 40. ದುಡ್ಡಿದ್ದ ಪರ್ಸಿಗೆ ಶೇ. 51. ಮೂರು ದೇಶಗಳಲ್ಲಿ ಇನ್ನೂ ಹೆಚ್ಚು ದುಡ್ಡಿಟ್ಟು ನೋಡಿದಾಗ ಶೇ. 72ಕ್ಕೆ ಏರಿತು. ದುಡ್ಡು ಹೆಚ್ಚಾದಷ್ಟೂ "ಇದನ್ನು ಇಟ್ಟುಕೊಂಡರೆ ನಾನು ಕಳ್ಳನಾಗುತ್ತೇನೆ" ಎಂಬ ಅಳುಕೂ ಹೆಚ್ಚಾಯಿತು ಎಂದು ಅವರು ವಿವರಿಸಿದ್ದಾರೆ.

ಇದರಿಂದ ನಮಗೆ ಒಂದು ಪಾಠ ಉಂಟು. ಮನುಷ್ಯ ತನ್ನ ಕಣ್ಣಿಗೆ ತಾನು ಕಳ್ಳನಾಗಲು ಒಪ್ಪುವುದಿಲ್ಲ. ಅದಕ್ಕೇ ದೊಡ್ಡದನ್ನು ಮುಟ್ಟಲು ಹೆದರುತ್ತಾನೆ. ಸಣ್ಣದಾದರೆ "ಇದೇನು ಮಹಾ, ಇದು ಕಳ್ಳತನ ಅಲ್ಲ" ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಸಣ್ಣ ಕಳ್ಳತನದ ಅಪಾಯ ಅದರ ಬೆಲೆಯಲ್ಲಿಲ್ಲ, ಈ ಸಮಾಧಾನದಲ್ಲಿದೆ. ಸಿ.ಸಿ. ಕ್ಯಾಮೆರಾ ಹಾಕಿದರೆ ಚಪ್ಪಲಿ ಉಳಿದೀತು. ಕ್ಯಾಮೆರಾ ಇಲ್ಲದ ಕಡೆ ಉಳಿಯುವುದಕ್ಕೆ ಒಳಗೊಂದು ಅಳುಕು ಬೇಕು. ಆ ಅಳುಕನ್ನು ಚಿಕ್ಕ ವಸ್ತುವಿನ ವಿಷಯದಲ್ಲೂ ಉಳಿಸಿಕೊಳ್ಳುವುದೇ ಅಸ್ತೇಯ.

ಹಾಗೆಂದು ಎಲ್ಲ ಕಳವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಬೆಟ್ಟದ ಕೋತಿ ಬಾಳೆಹಣ್ಣು ಕಿತ್ತುಕೊಂಡರೆ ಬೈಯುತ್ತೇವೆ, ಆದರೆ ಅದಕ್ಕೆ ಹಸಿವು ಎಂದು ನಮಗೆ ಗೊತ್ತು. ಹಸಿದ ಹುಡುಗ ಎರಡು ಹೋಳು ಕಾಯಿ ಎತ್ತಿಕೊಂಡರೆ ಮೊದಲು ಊಟಕ್ಕೆ ಕೂರಿಸಿ ಆಮೇಲೆ ಬುದ್ಧಿ ಹೇಳುವುದು ಧರ್ಮ. ಈಗಿನ ಕಾನೂನು ಕೂಡ ಈ ಭೇದವನ್ನು ಸ್ವಲ್ಪ ಒಪ್ಪಿದೆ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ತಪ್ಪಿತಸ್ಥನಾದವನು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಕೆಟ್ಟದ್ದನ್ನು ಸರಿಮಾಡಿ ಮತ್ತೆ ನಾಲ್ಕು ಜನರ ನಡುವೆ ಬದುಕಲಿ ಎಂಬ ಭಾವನೆ ಇದು. ಹಂಪಿಯಲ್ಲಿ ಕಂಬ ನಿಲ್ಲಿಸಿದ್ದರಲ್ಲೂ ಇದೇ ಅರ್ಥ ಕಾಣುತ್ತದೆ.

ಇನ್ನು ಕಚೇರಿಯಲ್ಲಿ ಕೂರುವ ನಮ್ಮಂಥವರ ಮಾತು. ಭಕ್ತರಿಗೆ ಉಪದೇಶ ಮಾಡಿ ಒಳಗೆ ರಶೀದಿಯಿಲ್ಲದೆ ದುಡ್ಡು ತೆಗೆದುಕೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಯಾವ ಕ್ಷೇತ್ರದಲ್ಲೇ ಆಗಲಿ, ಕೊಟ್ಟ ದುಡ್ಡಿಗೆ ರಶೀದಿ ಕೇಳುವುದು ಭಕ್ತರ ಹಕ್ಕು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ, ನಂಬಿಕೆಗೆ ಹಾಕುವ ಗೊಬ್ಬರ.

ಕೊನೆಯದಾಗಿ ಯಾತ್ರಾರ್ಥಿಗಳಲ್ಲಿ ಕೆಲವು ವಿನಂತಿ. ಜೊತೆಯಲ್ಲಿ ಬಂದ ಮಕ್ಕಳು ಬಂಡೆಯ ಮೇಲೆ ಹೆಸರು ಗೀಚಲು ಹೊರಟರೆ ನಗುತ್ತಾ ಫೋಟೋ ತೆಗೆಯಬೇಡಿ, ಕೈ ಹಿಡಿದು ನಿಲ್ಲಿಸಿ. ದಾರಿಯಲ್ಲಿ ವಸ್ತು ಸಿಕ್ಕರೆ ಕಚೇರಿಗೆ ತಲುಪಿಸಿ. ನಿಮ್ಮ ವಸ್ತು ಕಳೆದರೆ ಯಾರ ಮೇಲೂ ಕೂಗಾಡದೆ ಮೊದಲು ಕಚೇರಿಗೆ ಬಂದು ಹೇಳಿ. ನಿಮ್ಮ ಚಪ್ಪಲಿ ಹೋಗಿದ್ದರೆ, ಪಕ್ಕದಲ್ಲಿರುವ ಚಪ್ಪಲಿಯ ಯಜಮಾನ ಒಳಗೆ ಕೈ ಮುಗಿದು ನಿಂತಿದ್ದಾನೆ ಎಂಬುದನ್ನು ಒಂದು ಕ್ಷಣ ನೆನೆಯಿರಿ. ಬೇರೆಯವರು ಬರಿಗಾಲಲ್ಲಿ ಇಳಿಯುವುದನ್ನು ಕಂಡರೆ, "ಏನಾಯ್ತಮ್ಮ, ಏನಾಯ್ತು ಸ್ವಾಮಿ" ಎಂದು ವಿಚಾರಿಸಿ, ಕೈಲಾದ ಸಹಾಯ ಮಾಡಿ. ಆ ದಿನ ಒಂಬತ್ತು ಜನರನ್ನು ತಪ್ಪಿನಿಂದ ಉಳಿಸಿದವರು ಅವರೇ ಇರಬಹುದು.

ಎಲ್ಲರ ಪ್ರಯಾಣವೂ ಸುಖಕರವಾಗಲಿ. ತಂದ ವಸ್ತುಗಳೊಂದಿಗೆ, ತಂದದ್ದಕ್ಕಿಂತ ಹಗುರವಾದ ಮನಸ್ಸಿನೊಂದಿಗೆ ಎಲ್ಲರೂ ಮನೆ ಸೇರಲಿ.